‘ಏರದ ಸಾಲು’ ಮತ್ತು ‘ಏರುವ ಸಾಲಲ್ಲ’: ಜೊತೆಗೆ ಒಂದು ಪದ ಬೇಕಿತ್ತು

ಗೆಳೆಯರೇ,

ಪಿಯುಸಿ ಮಕ್ಕಳಿಗೆಂದು ಗಣಿತದ ಒಂದು ಪಾಠ ಬರೆಯುತ್ತಿದ್ದೇನೆ. ಎರಡು ಕಡೆ ಸಿಕ್ಕಿಕೊಂಡೆ.

ಪ್ರೈಮರಿಯಲ್ಲಿ ನಾವೆಲ್ಲ ಏರಿಕೆ ಕ್ರಮ, ಇಳಿಕೆ ಕ್ರಮ ಕಲಿತವರೇ. 2, 5, 9 ಏರುವ ಸಾಲು, ತಕರಾರಿಲ್ಲ. ಆದರೆ 2, 5, 5, 9? ನಡುವೆ ಒಂದು ಕಡೆ ಏರಲಿಲ್ಲ, ಹಾಗಂತ ಇಳಿಯಲೂ ಇಲ್ಲ. ಇಂಗ್ಲಿಷ್ ಪುಸ್ತಕಗಳಲ್ಲೇ ಇದಕ್ಕೆ ಒಂದು ಮಾತಿಲ್ಲ. ಕೆಲವು ಇದನ್ನೂ ‘ಇಂಕ್ರೀಸಿಂಗ್’ ಅನ್ನುತ್ತವೆ, ಕೆಲವು ‘ನಾನ್-ಡಿಕ್ರೀಸಿಂಗ್’ ಅನ್ನುತ್ತವೆ. ‘ಅನವರೋಹಿ’ ಅಂತ ಬರೆದರೆ ಮಕ್ಕಳು ಪುಸ್ತಕ ಮುಚ್ಚಿಡುತ್ತಾರೆ. ಸುಮ್ನೆ ‘ಇಳಿಯದ ಸಾಲು’ ಅಂದರೆ ಸಾಕಲ್ವಾ?

ಬರೆಯುವಾಗ ಇನ್ನೊಂದು ಹೊಳೆಯಿತು. 1, 3, 2 ಏರುವ ಸಾಲಲ್ಲ. ಆದರೆ ಏರದ ಸಾಲೂ ಅಲ್ಲ, 1ರಿಂದ 3ಕ್ಕೆ ಏರಿದೆಯಲ್ಲ! ‘ನಾಟ್ ಇಂಕ್ರೀಸಿಂಗ್’, ‘ನಾನ್-ಇಂಕ್ರೀಸಿಂಗ್’ ಎರಡನ್ನೂ ಮಕ್ಕಳು ಕಲಸಿಬಿಡುತ್ತಾರೆ. ನಮ್ಮ ‘ಏರುವುದಲ್ಲ’, ‘ಏರದ’ ತಾವಾಗೇ ಬೇರೆ ನಿಲ್ಲುತ್ತವೆ. 5, 5, 5 ಮಾತ್ರ ಏರದ್ದೂ ಹೌದು, ಇಳಿಯದ್ದೂ ಹೌದು.

ನಿಜವಾದ ತೊಡಕು ‘ಸಬ್‌ಸೀಕ್ವೆನ್ಸ್’ನದು, ಅಂದರೆ ಒಂದು ಸಾಲಿನಿಂದ ಕೆಲವು ಸಂಖ್ಯೆಗಳನ್ನು ಅದೇ ಕ್ರಮದಲ್ಲಿ ತೆಗೆದುಕೊಂಡು ಮಾಡಿದ ಸಾಲು. ‘ಉಪಶ್ರೇಢಿ’ ನನಗೆ ಹಿಡಿಸುತ್ತಿಲ್ಲ. ಶ್ರೇಢಿ ಹಳೆಯ ಪದ, ಭಾಸ್ಕರಾಚಾರ್ಯರ ಲೀಲಾವತಿಯಲ್ಲೇ ಇದೆ. ಆದರೆ ಶ್ರೇಢಿ ಅಂದ ಕೂಡಲೇ ಸಮಾಂತರ, ಗುಣೋತ್ತರ ನೆನಪಾಗಿ, ಯಾವುದೋ ಸೂತ್ರ ಇರಲೇಬೇಕು ಅನ್ನಿಸುತ್ತದೆ. ‘ಒಳಸಾಲು’ ಅಂದರೆ ಪಕ್ಕಪಕ್ಕದ ಸಂಖ್ಯೆಗಳ ತುಂಡು ಅನ್ನಿಸುತ್ತದೆ. ಬೇಕಾಗಿರುವುದು ಅದಲ್ಲ. ಈ ಸಾಲು ನೋಡಿ:

3, 2, 1, 6, 5, 4, 9, 8, 7

ಇದರಿಂದ 3, 6, 9 ತೆಗೆದುಕೊಳ್ಳಬಹುದು. ನಡುವಿನವನ್ನು ಬಿಡಬಹುದು, ಹಿಂದುಮುಂದು ಮಾಡುವ ಹಾಗಿಲ್ಲ. ಹೀಗೆ ಹೆಕ್ಕಿದರೆ ಏರುವುದಾಗಲಿ ಇಳಿಯುವುದಾಗಲಿ ಮೂರು ಸಂಖ್ಯೆಗಳಿಗಿಂತ ಉದ್ದದ ಸಾಲು ಸಿಗದು. ಈಗ 10 ಅನ್ನು ಎಲ್ಲಿ ಬೇಕಾದರೂ ತೂರಿಸಿ, ನಾಲ್ಕು ಸಿಕ್ಕೇ ಸಿಗುತ್ತದೆ. ಮೊದಲಿಗೆ ಇಟ್ಟರೆ 10, 3, 2, 1. ಕೊನೆಗೆ ಇಟ್ಟರೆ 3, 6, 9, 10. ಈ ಸಾಲೊಂದೇ ಅಲ್ಲ, ಬೇರೆ ಬೇರೆ ಹತ್ತು ಸಂಖ್ಯೆಗಳನ್ನು ಹೇಗೇ ಜೋಡಿಸಿದರೂ ಇದು ತಪ್ಪದು. ಹಂಗೇರಿಯ ಏರ್ಡಿಶ್ ಮತ್ತು ಸೆಕೆರೆಶ್ 1935ರಲ್ಲಿ ತೋರಿಸಿದ ಪ್ರಮೇಯದಿಂದ ಬರುವ ಮಾತು. ಪಾಠದ ಜೀವ ಇರುವುದೇ ಇಲ್ಲಿ, ಹಾಗಾಗಿ ಪದ ಸರಿಯಿರಬೇಕು.

ಸದ್ಯಕ್ಕೆ ‘ಹೆಕ್ಕಿದ ಸಾಲು’ ಅಂತ ಬರೆದಿದ್ದೇನೆ. ‘ಆಯ್ದ ಸಾಲು’ ಅಂದರೆ ಒಳ್ಳೆಯದನ್ನೇ ಆರಿಸಿದಂತೆ ಕೇಳುತ್ತದೆ. ನಾನು ಕರಾವಳಿಯವನು, ನಮಗೆ ‘ಹೆಕ್ಕು’ ದಿನದ ಮಾತು. ಮೈಸೂರು, ಧಾರವಾಡದ ಕಡೆಯವರ ಕಿವಿಗೆ ಅದು ಒಗ್ಗುತ್ತದಾ?