ಬ್ಯಾಡಗಿಯಿಂದ ಅಹಮದಾಬಾದಿಗೆ ಒಬ್ಬನೇ ಡ್ರೈವರ್: ಎಷ್ಟು ಹೊತ್ತು ಓಡಿಸಬೇಕು, ಎಲ್ಲಿ ನಿಲ್ಲಿಸಬೇಕು?

ಹಾವೇರಿ ಲಾರಿ ಮಾಲೀಕ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನನ್ನದು ಒಂದೇ ಒಂದು ಹತ್ತು ಗಾಲಿಯ ಲಾರಿ. ಬ್ಯಾಡಗಿ ಮಾರುಕಟ್ಟೆಯಿಂದ ಒಣಮೆಣಸಿನಕಾಯಿ ಚೀಲ ತುಂಬಿಕೊಂಡು ಅಹಮದಾಬಾದಿಗೆ ಹೋಗುವ ಬಾಡಿಗೆ ಈಚೆಗೆ ಸಿಗುತ್ತಿದೆ. ದಾರಿ ಸುಮಾರು 1,200 ಕಿಲೋಮೀಟರ್. ಎರಡೇ ದಿನದಲ್ಲಿ ಮಾಲು ಮುಟ್ಟಬೇಕೆಂದು ಖರೀದಿದಾರರು ಹೇಳುತ್ತಾರೆ. ಡ್ರೈವರ್ ಒಬ್ಬರೇ ಇದ್ದಾರೆ, ಕ್ಲೀನರ್ ಹುಡುಗನಿಗೆ ಲೈಸೆನ್ಸ್ ಇಲ್ಲ. ಕಳೆದ ಸಲ ರಾತ್ರಿ ಒಂಬತ್ತಕ್ಕೆ ಬ್ಯಾಡಗಿ ಬಿಟ್ಟಿದ್ದ ಗಾಡಿ, ನಸುಕಿನ ನಾಲ್ಕರ ಸುಮಾರಿಗೆ ನಿಪ್ಪಾಣಿ ಹತ್ತಿರ ರಸ್ತೆಯಂಚಿನ ಜಲ್ಲಿಗೆ ಇಳಿದು, ಆ ಸದ್ದಿಗೆ ಅವರಿಗೆ ಎಚ್ಚರವಾಯಿತಂತೆ. ಯಾರಿಗೂ ಏನೂ ಆಗಲಿಲ್ಲ, ಆದರೆ ಇದನ್ನು ಕೇಳಿದಂದಿನಿಂದ ಗಾಡಿ ದಾರಿಯಲ್ಲಿದ್ದ ರಾತ್ರಿ ನನಗೆ ನಿದ್ದೆಯಿಲ್ಲ. ಓಡಿಸುವ ಹೊತ್ತನ್ನೂ ವಿಶ್ರಾಂತಿಯನ್ನೂ ಹೇಗೆ ಹೊಂದಿಸಬೇಕೆಂದು ತಿಳಿದವರು ಹೇಳಬೇಕು.

ಹುಬ್ಬಳ್ಳಿ ಬುಕಿಂಗ್ ಗುಮಾಸ್ತ

ಮಾಲೀಕರೇ, ಎರಡು ದಿನ ಎನ್ನುವುದು ಖರೀದಿದಾರರ ಆಸೆಯೇ ಹೊರತು ಕಾನೂನಲ್ಲ. ಸರಕಿನ ಜೊತೆ ಇರಬೇಕಾದ ಜಿಎಸ್‌ಟಿ ಸಾಗಣೆ ಪತ್ರ, ಅಂದರೆ ಇ-ವೇ ಬಿಲ್‌ಗೆ ಪ್ರತಿ 200 ಕಿಲೋಮೀಟರಿಗೆ ಒಂದು ದಿನದ ಅವಧಿ ಇರುವುದರಿಂದ ನಿಮ್ಮ ದಾರಿಗೆ ಆರು ದಿನ ಸಿಗುತ್ತವೆ. ಒಣಮೆಣಸಿನಕಾಯಿ ಹೂವಿನ ಹಾಗೆ ಬಾಡುವ ಸರಕೂ ಅಲ್ಲ, ತಾಡಪತ್ರಿ ಸರಿಯಾಗಿ ಕಟ್ಟಿ ನೀರು ತಾಗದಂತೆ ನೋಡಿಕೊಂಡರೆ ಸಾಕು.

ಲೋಡಾದ ಗಾಡಿಗೆ ಟೋಲ್, ಘಾಟಿ, ಊರು ಎಲ್ಲ ಸೇರಿ ಸರಾಸರಿ ಗಂಟೆಗೆ 40 ಕಿಲೋಮೀಟರ್ ಹಿಡಿಯಿರಿ. ಆಗ ಸ್ಟೀರಿಂಗ್ ಹಿಡಿದ ಹೊತ್ತೇ 30 ಗಂಟೆಯಾಗುತ್ತದೆ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ 8 ಗಂಟೆ ಕೆಲಸ, ದೂರದ ದಾರಿಗೆ ಅನುಮತಿಯಿದ್ದರೆ 10 ಗಂಟೆ, ಸತತ 5 ಗಂಟೆಗೆ ಮುನ್ನ ಕನಿಷ್ಠ ಅರ್ಧ ಗಂಟೆ ಬಿಡುವು, ಎರಡು ದಿನಗಳ ಕೆಲಸದ ನಡುವೆ ಸತತ 9 ಗಂಟೆ ವಿಶ್ರಾಂತಿ ಎಂದು ಗೊತ್ತುಮಾಡಿತ್ತು. ಆ ಕಾಯ್ದೆ ಈಗ ಹೊಸ ಕಾರ್ಮಿಕ ಸಂಹಿತೆಯಲ್ಲಿ ಲೀನವಾಗಿದೆ, ಅಲ್ಲದೆ ಐವರಿಗಿಂತ ಕಡಿಮೆ ಕೆಲಸಗಾರರಿರುವ ನಿಮ್ಮಂಥವರಿಗೆ ಅದು ತಾನಾಗಿ ಅನ್ವಯಿಸುತ್ತಲೂ ಇರಲಿಲ್ಲ. ಆದರೂ ಹಾಳೆಯ ಮೇಲೆ ಟ್ರಿಪ್ ಬರೆಯಲು ಇದಕ್ಕಿಂತ ಒಳ್ಳೆಯ ಅಳತೆ ನನಗೆ ಸಿಕ್ಕಿಲ್ಲ.

ನಾನಾದರೆ ಹೀಗೆ ಬರೆಯುತ್ತೇನೆ. ಮೊದಲ ದಿನ ನಸುಕಿನ ಐದಕ್ಕೆ ಬ್ಯಾಡಗಿ ಬಿಟ್ಟು, ಬೆಳಗಾವಿ ಹತ್ತಿರ ನಾಷ್ಟಾ, ಕೊಲ್ಹಾಪುರದಲ್ಲಿ ಊಟ ಮುಗಿಸಿ ಸಂಜೆಗೆ ಕರಾಡದಲ್ಲಿ ಮುಕ್ಕಾಂ. ಎರಡನೆಯ ದಿನ ಪುಣೆ ದಾಟಿ ನವಿ ಮುಂಬೈ ಹತ್ತಿರದ ಕಳಂಬೋಲಿಯಲ್ಲಿ ನಿಲ್ಲಿಸಬೇಕು. ಸುಮಾರು 270 ಕಿಲೋಮೀಟರ್ ಮಾತ್ರ ಎನಿಸಿದರೂ ಸಂಜೆಯ ಗದ್ದಲದಲ್ಲಿ ಠಾಣೆಯ ಕಡೆ ನುಗ್ಗುವುದರಿಂದ ಲಾಭವಿಲ್ಲ. ಮೂರನೆಯ ದಿನ ಸೂರತ್ ದಾಟಿ ಭರೂಚ್ ಆಸುಪಾಸು, ನಾಲ್ಕನೆಯ ದಿನ ಮಧ್ಯಾಹ್ನ ಅಹಮದಾಬಾದು. ಇದಕ್ಕಿಂತ ಬೇಗ ಬೇಕೆಂದರೆ ಇನ್ನೊಬ್ಬ ಡ್ರೈವರ್ ಬೇಕು. ಬೇರೆ ರಾಜ್ಯಗಳಿಗೂ ಹೋಗುವ ನ್ಯಾಷನಲ್ ಪರ್ಮಿಟ್ ಗಾಡಿಗೆ ಇಬ್ಬರು ಚಾಲಕರು ಇರಲೇಬೇಕೆಂಬ ನಿಯಮವನ್ನು 2018ರಲ್ಲಿ ತೆಗೆದುಹಾಕಲಾಯಿತು, ಆದರೆ ನಿಯಮ ಹೋದ ಮಾತ್ರಕ್ಕೆ ನಿದ್ದೆಯ ಅಗತ್ಯ ಹೋಗಲಿಲ್ಲವಲ್ಲ.

ಗದಗದ ಹಳೆಯ ಚಾಲಕ

ಗುಮಾಸ್ತರ ಹಾಳೆ ಸರಿಯಾಗಿದೆ, ಆದರೆ ಬರೀ ಗಂಟೆಗಳನ್ನು ಕೂಡಿದರೆ ಸಾಲದು. ಹಗಲಿನ ನಾಲ್ಕು ಗಂಟೆಯೂ ರಾತ್ರಿ ಎರಡರಿಂದ ನಸುಕಿನ ಆರರವರೆಗಿನ ನಾಲ್ಕು ಗಂಟೆಯೂ ಒಂದೇ ಅಲ್ಲ. ಆ ಹೊತ್ತಿನಲ್ಲಿ ಮೈ ತಾನಾಗಿ ನಿದ್ದೆಗೆ ಜಾರುತ್ತದೆ, ಎಷ್ಟೇ ಅನುಭವಿಯಾದರೂ. ನಿಮ್ಮ ಡ್ರೈವರ್ ಜಲ್ಲಿಗೆ ಇಳಿದದ್ದು ನಾಲ್ಕಕ್ಕೆ ಎಂದು ಓದಿದಾಗ ನನಗೆ ಆಶ್ಚರ್ಯವಾಗಲಿಲ್ಲ. ಗಂಟೆಗೆ 60ರ ವೇಗದಲ್ಲಿ ನಾಲ್ಕು ಸೆಕೆಂಡು ಕಣ್ಣು ಮುಚ್ಚಿದರೆ ಗಾಡಿ 66 ಮೀಟರಿಗಿಂತ ಹೆಚ್ಚು ಮುಂದೆ ಹೋಗಿರುತ್ತದೆ. ಊಟದ ನಂತರ ಎರಡರಿಂದ ನಾಲ್ಕರವರೆಗೂ ಇಂಥದೇ ಸಣ್ಣ ಮಂಪರು ಬರುತ್ತದೆ, ಆದ್ದರಿಂದ ಕೊಲ್ಹಾಪುರದಲ್ಲಿ ಊಟ ಮಾಡಿದ ಕೂಡಲೇ ಎದ್ದು ಹೊರಡದೆ ಇಪ್ಪತ್ತು ನಿಮಿಷ ಮಲಗಲಿ. ಮಲಗುವ ಮುನ್ನ ಚಹಾ ಕುಡಿದರೆ ಅದರ ಗುಣ ಹತ್ತುವ ಹೊತ್ತಿಗೆ ಎಚ್ಚರವೂ ಆಗಿರುತ್ತದೆ. ಗುಟ್ಕಾ, ಜೋರು ಹಾಡು, ಮುಖಕ್ಕೆ ನೀರು ಇವೆಲ್ಲ ಹತ್ತು ನಿಮಿಷದ ಮೋಸ.

ಇನ್ನು ಘಾಟಿಗಳನ್ನು ದಣಿವಿಲ್ಲದ ಹೊತ್ತಿಗೆ ಇಡಬೇಕು. ಕರಾಡದಲ್ಲಿ ರಾತ್ರಿ ಪೂರ್ತಿ ಮಲಗಿದವನಿಗೆ ಖಂಬಾಟ್ಕಿ ಸುರಂಗದಾಚೆಯ ತಿರುವೂ, ಕಾತ್ರಜ್‌ನ ಹೊಸ ಸುರಂಗದಿಂದ ನವಲೆ ಸೇತುವೆಯವರೆಗಿನ ಇಳಿಜಾರೂ, ಲೋಣಾವಳದಿಂದ ಖೋಪೋಲಿಗೆ ಇಳಿಯುವ ಬೋರ್ ಘಾಟೂ ಹಗಲಿನಲ್ಲೇ ಬರುತ್ತವೆ. ಡೀಸೆಲ್ ಉಳಿಸುವ ಆಸೆಗೆ ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡುವವರಿದ್ದಾರೆ. ಆಗ ಎಂಜಿನಿನ ಹಿಡಿತ ತಪ್ಪಿ ಇಡೀ ಭಾರ ಬ್ರೇಕಿನ ಮೇಲೆ ಬೀಳುತ್ತದೆ, ಡ್ರಮ್ ಕಾದ ಮೇಲೆ ಒತ್ತಿದರೂ ಗಾಡಿ ನಿಲ್ಲುವುದಿಲ್ಲ. ದಣಿದವನೇ ಈ ತಪ್ಪು ಮಾಡುವುದು ಹೆಚ್ಚು.

ಮುಕ್ಕಾಮಿನ ಜಾಗವನ್ನು ಮೊದಲೇ ಗೊತ್ತುಮಾಡಿ. ಬೆಳಕೂ ಕಾವಲೂ ಇರುವ ಪೆಟ್ರೋಲ್ ಬಂಕ್ ಆದರೆ ಉತ್ತಮ, ಏಕೆಂದರೆ ಡೀಸೆಲ್ ಕಳುವಿನ ಹೆದರಿಕೆಯಲ್ಲಿ ಅರೆಗಣ್ಣಿನಿಂದ ಮಲಗಿದ ಒಂಬತ್ತು ಗಂಟೆ ನಿದ್ದೆಯೆನಿಸದು. ಬೇಸಿಗೆಯಲ್ಲಿ ಕ್ಯಾಬಿನ್ ಕಾದ ಹೆಂಚಾಗಿರುತ್ತದೆ. ಹೊಸದಾಗಿ ತಯಾರಾಗುವ ದೊಡ್ಡ ಲಾರಿಗಳಿಗೆ 2025ರಲ್ಲಿ ಎ.ಸಿ. ಕ್ಯಾಬಿನ್ ಕಡ್ಡಾಯವಾದರೂ ನಮ್ಮ ಹಳೆಯ ಗಾಡಿಗಳಿಗೆ ಮರದ ನೆರಳೇ ಗತಿ.

ಧಾರವಾಡದ ಸಣ್ಣ ಮಾಲೀಕ

ಒಂದು ಮಾತು ಬಿಟ್ಟುಹೋಯಿತು. ಡ್ರೈವರಿಗೆ ಟ್ರಿಪ್ಪಿನ ಲೆಕ್ಕದಲ್ಲಿ ಹಣ ಕೊಡುತ್ತಿದ್ದರೆ ನಿಮ್ಮ ಹಾಳೆಯನ್ನು ಅವರು ಹುಬ್ಬಳ್ಳಿ ದಾಟುವ ಮುನ್ನವೇ ಮಡಚಿ ಇಡುತ್ತಾರೆ, ತಿಂಗಳಿಗೆ ಒಂದು ಟ್ರಿಪ್ ಹೆಚ್ಚಾದರೆ ಅವರ ಮನೆ ನಡೆಯುತ್ತದೆ. ನಾನು ತಿಂಗಳ ಸಂಬಳದ ಜೊತೆಗೆ ದಿನದ ಭತ್ಯೆ ಕೊಡಲು ಶುರುಮಾಡಿದ ಮೇಲೆಯೇ ನನ್ನ ಡ್ರೈವರ್ ರಾತ್ರಿ ನಿಲ್ಲಿಸತೊಡಗಿದರು.

ಹಾವೇರಿ ಲಾರಿ ಮಾಲೀಕ

ಎಲ್ಲರಿಗೂ ಧನ್ಯವಾದ. ನಾನೂ ಟ್ರಿಪ್ಪಿನ ಲೆಕ್ಕದಲ್ಲೇ ಕೊಡುತ್ತಿದ್ದೆ, ಅದನ್ನು ಈ ತಿಂಗಳಿನಿಂದ ಬದಲಿಸುತ್ತೇನೆ. ನಾಲ್ಕನೆಯ ದಿನ ಮಧ್ಯಾಹ್ನವೇ ಮಾಲು ಮುಟ್ಟುವುದೆಂದು ಖರೀದಿದಾರರಿಗೆ ಫೋನ್ ಮಾಡಿ ಹೇಳಿದೆ, ಗೊಣಗಿದರೂ ಒಪ್ಪಿದರು. ಕರಾಡ ಹತ್ತಿರ ಕಾವಲಿರುವ ಒಳ್ಳೆಯ ಬಂಕ್ ಗೊತ್ತಿದ್ದವರು ದಯವಿಟ್ಟು ತಿಳಿಸಿ, ಗುರುವಾರ ಲೋಡ್ ಇದೆ.