‘ವಿಷಬಾಣ ಕಪ್ಪೆ’ ಅನ್ನೋದು ಸರಿಯಾದ ಹೆಸರೇ?

ಎಲ್ಲರಿಗೂ ನಮಸ್ಕಾರ. ಮಕ್ಕಳಿಗಾಗಿ ಕಪ್ಪೆಗಳ ಬಗ್ಗೆ ಒಂದು ಬರಹ ಬರೆಯುತ್ತಿದ್ದೇನೆ. ‘ಪಾಯ್ಸನ್ ಡಾರ್ಟ್ ಫ್ರಾಗ್’ ಅನ್ನೋದಕ್ಕೆ ‘ವಿಷಬಾಣ ಕಪ್ಪೆ’ ಎಂಬ ಪದ ಕಣ್ಣಿಗೆ ಬಿತ್ತು. ಆದರೆ ಅದನ್ನು ಓದಿದ ಮಗು ಕಪ್ಪೆಯೇ ಬಾಣ ಬಿಡುತ್ತೆ ಅಂದುಕೊಳ್ಳುತ್ತೆ, ಅಲ್ವಾ?

ಬಾಣ ಮನುಷ್ಯರದ್ದು. ಕೊಲಂಬಿಯಾದ ಪೆಸಿಫಿಕ್ ಕರಾವಳಿಯ ಮಳೆಕಾಡಿನಲ್ಲಿ ಹೊಳೆಯುವ ಹಳದಿ ಬಣ್ಣದ ಒಂದು ಕಪ್ಪೆ ಇದೆ. ಉದ್ದ ಸುಮಾರು 5 ಸೆಂ.ಮೀ. ವಿಜ್ಞಾನಿಗಳು 1978ರಲ್ಲಿ ಅದಕ್ಕೆ ಫಿಲೊಬೇಟಿಸ್ ಟೆರಿಬಿಲಿಸ್ ಎಂದು ಹೆಸರಿಟ್ಟರು. ಅಲ್ಲಿನ ಎಂಬೆರಾ ಜನ ಚೂಪಾದ ಕಡ್ಡಿಯ ತುದಿಯನ್ನು ಅದರ ಬೆನ್ನಿಗೆ ಉಜ್ಜಿ ವಿಷ ಹಚ್ಚಿಕೊಂಡು, ಊದುಗೊಳವೆಯಿಂದ ಬೇಟೆಯತ್ತ ಊದುತ್ತಿದ್ದರು. ಬಿಲ್ಲೇ ಇಲ್ಲದ ಮೇಲೆ ಅದನ್ನು ಬಾಣ ಅನ್ನೋದೂ ಅಷ್ಟಕ್ಕಷ್ಟೆ. ಇನ್ನೊಂದು ಮಾತು. ಈ ಕುಟುಂಬದಲ್ಲಿ ಸುಮಾರು 200 ಬಗೆಯ ಕಪ್ಪೆಗಳಿವೆ. ಬೇಟೆಗೆ ಬಳಕೆಯಾದದ್ದು ಎರಡು ಮೂರು ಮಾತ್ರ. ಉಳಿದವಕ್ಕೆ ಈ ಹೆಸರು ಸುಮ್ನೆ ಅಂಟಿಕೊಂಡಿದೆ.

ಹಾಗಾಗಿ ನನಗೆ ‘ನಂಜುಗಪ್ಪೆ’ ಹಿಡಿಸಿದೆ. ‘ಮರಗಪ್ಪೆ’ಯ ಹಾಗೆ ನಾಲಿಗೆಗೆ ಸಲೀಸು. ಅನುಮಾನ ಇರೋದು ‘ನಂಜು’ ಪದದ ಮೇಲೆ. ಗಾಯ ಕೀವಾದರೂ ‘ನಂಜಾಯ್ತು’ ಅಂತೀವಿ, ಹಾವು ಕಚ್ಚಿದರೂ ‘ನಂಜೇರಿತು’ ಅಂತೀವಿ. ಈ ಕಪ್ಪೆ ಕಚ್ಚೋದೂ ಇಲ್ಲ, ಚುಚ್ಚೋದೂ ಇಲ್ಲ. ವಿಷ ಚರ್ಮದಲ್ಲಿರುತ್ತೆ, ಹೆಸರು ಬ್ಯಾಟ್ರಕೊಟಾಕ್ಸಿನ್. ನರ ಮತ್ತು ಸ್ನಾಯುಗಳ ಜೀವಕೋಶಗಳಲ್ಲಿ ಸೋಡಿಯಂ ಒಳಬರುವ ಬಾಗಿಲುಗಳಿವೆ. ಈ ವಿಷ ಅವು ಮುಚ್ಚದ ಹಾಗೆ ಮಾಡುತ್ತೆ. ಸ್ನಾಯು ಕೆಲಸ ನಿಲ್ಲಿಸುತ್ತೆ, ಹೃದಯ ಸೋಲುತ್ತೆ. ಒಂದು ಕಪ್ಪೆಯಲ್ಲಿ ಸುಮಾರು 1 ಮಿಲಿಗ್ರಾಂ ಇರಬಹುದು. ಹಲವರನ್ನು ಕೊಲ್ಲಲು ಅಷ್ಟು ಸಾಕು.

ತಮಾಷೆ ಅಂದರೆ, ಮನುಷ್ಯರು ಸಾಕಿದ ವಾತಾವರಣದಲ್ಲೇ ಹುಟ್ಟಿ ಬೆಳೆದ ಕಪ್ಪೆಗೆ ಈ ವಿಷವೇ ಇರೋದಿಲ್ಲ. ಕಾಡಿನಲ್ಲಿ ತಿನ್ನುವ ಹುಳುಗಳಿಂದ ಅದು ಬರುತ್ತೆ ಅನ್ನುತ್ತಾರೆ. ಆಗ ‘ನಂಜುಗಪ್ಪೆ’ಯೂ ಬರೀ ಹೆಸರಿಗಷ್ಟೇ! ಆದರೂ ‘ವಿಷಬಾಣ’ಕ್ಕಿಂತ ವಾಸಿ.

ನನ್ನ ಪ್ರಶ್ನೆ ಎರಡು. ‘ನಂಜುಗಪ್ಪೆ’ ಅಂದರೆ ಕಚ್ಚುವ ಕಪ್ಪೆ ಅಂತ ನಿಮಗೆ ಅನಿಸುತ್ತಾ? ಕಚ್ಚಿ ಏರಿಸುವ ವಿಷಕ್ಕೂ, ಮುಟ್ಟಿದರೆ ಇಲ್ಲವೇ ತಿಂದರೆ ತಗಲುವ ವಿಷಕ್ಕೂ ನಿಮ್ಮ ಕಡೆಯ ಮಾತಿನಲ್ಲಿ ಬೇರೆ ಬೇರೆ ಪದಗಳಿವೆಯೇ? ಹೊಸದಾಗಿ ಕಟ್ಟಿದ್ದಕ್ಕಿಂತ, ಬಳಕೆಯಲ್ಲಿ ಕೇಳಿದ್ದನ್ನು ತಿಳಿಸಿದರೆ ಜಾಸ್ತಿ ಉಪಕಾರ.