ಹಸಿ ಸೊಪ್ಪು ಬೇಗ ಕಳಿಯಿತು, ಉದುರಿದ ಎಲೆ ಯಾಕೆ ಕಳಿಯಲಿಲ್ಲ?

ಬದುವಿನ ಹೊಂಗೆ (ಸಂಡೂರು ತಾಲ್ಲೂಕು):
ನಮ್ಮ ಹೊಲ ಗುಡ್ಡದ ಬುಡದಲ್ಲಿದೆ. ಕೆಂಪು ಮಣ್ಣು, ಕಲ್ಲು ಜಾಸ್ತಿ. ಬದುವಿನ ಮೇಲೆ ಆರು ಹೊಂಗೆ ಮರ. ಬೇಲಿ ದಾಟಿದರೆ ಕುರುಚಲು ಕಾಡು: ದಿಂಡಿಗ, ಕಮರ, ಮುತ್ತುಗ.

ಹೋದ ಬೇಸಿಗೆ ಗೊಬ್ಬರಕ್ಕೆ ಎರಡು ಗುಂಡಿ ತೋಡಿದೆ. ಒಂದಕ್ಕೆ ಹಸಿ ಹೊಂಗೆ ಸೊಪ್ಪು, ಇನ್ನೊಂದಕ್ಕೆ ಬೇಲಿಯ ಹತ್ತಿರ ಬಿದ್ದಿದ್ದ ದಿಂಡಿಗದ ಎಲೆ. ಎರಡಕ್ಕೂ ಅದೇ ಸಗಣಿ ನೀರು. ಹೊಂಗೆ ಗುಂಡಿ ಮೂರೇ ದಿನಕ್ಕೆ ಕೈ ಇಡಲಾಗದಷ್ಟು ಬಿಸಿಯಾಯಿತು. ದಿಂಡಿಗದ್ದು ತಣ್ಣಗೇ ಇತ್ತು. ಎರಡು ತಿಂಗಳಾದ ಮೇಲೂ ಎಲೆ ಎಲೆಯಾಗಿಯೇ ಉಳಿದಿತ್ತು. ಉದುರುವ ಹೊತ್ತಿಗೆ ಎಲೆಯಲ್ಲಿ ಸತ್ವವೇ ಇರುವುದಿಲ್ವಾ? ಇದ್ದದ್ದು ಎಲ್ಲಿ ಹೋಯಿತು?

ತುಂಗಭದ್ರಾ ಎಡದಂಡೆ:
ಒಣಗಿದ ಎಲೆ ಅಲ್ವಾ ಅಕ್ಕ, ನೀರು ಸಾಲದೇ ಹೋಗಿರಬೇಕು. ಒಂದು ದಿನ ನೆನೆಸಿ ಹಾಕಿ ನೋಡಿ.

ನರ್ಸರಿ ಅಣ್ಣ (ಗಂಗಾವತಿ):
ನೀರೂ ಒಂದು ಕಾರಣ ಇರಬಹುದು ತಂಗಿ. ಆದರೆ ನಿಮ್ಮ ಅನುಮಾನ ಸರಿಯಾಗಿದೆ. ಸತ್ವ ಮರದೊಳಗೇ ಇದೆ.

ನಾನು ಇಪ್ಪತ್ತು ವರ್ಷ ಸಸಿ ಬೆಳೆಸಿದವನು. ಒಂದು ವಿಷಯ ಗಮನಿಸಿ. ಚಳಿಗಾಲದಲ್ಲಿ ಒಂದು ಹಸಿರು ಕೊಂಬೆ ಕಡಿದು ಮರಕ್ಕೇ ನೇತುಹಾಕಿ. ಅದರ ಎಲೆ ಮುದುಡಿ ಒಣಗುತ್ತದೆ, ಆದರೆ ಸುಲಭಕ್ಕೆ ಉದುರುವುದಿಲ್ಲ. ಪಕ್ಕದ ಜೀವಂತ ಕೊಂಬೆಯ ಎಲೆ ಹಳದಿಯಾಗಿ, ತೊಟ್ಟು ಕಳಚಿ ನೆಲಕ್ಕೆ ಬೀಳುತ್ತದೆ. ಅಂದರೆ ಎಲೆ ಉದುರಿಸುವುದು ಮರ ಬದುಕಿದ್ದು ಮಾಡುವ ಕೆಲಸ.

ಮಣ್ಣಿನ ತೇವ ಕಡಿಮೆಯಾಗುತ್ತಿದ್ದ ಹಾಗೆ ಮರ ಎಲೆಯ ಹಸಿರನ್ನು ಒಡೆಯುತ್ತದೆ. ಹಸಿರು ಹೋದರೆ ಮೊದಲಿಂದಲೂ ಅಲ್ಲೇ ಇದ್ದ ಹಳದಿ ಕಾಣುತ್ತದೆ. ಎಲೆಯ ಸಾರಜನಕ, ರಂಜಕ ತೊಟ್ಟಿನ ದಾರಿಯಲ್ಲಿ ಕೊಂಬೆ, ಕಾಂಡ, ಬೇರಿಗೆ ಹಿಂದಿರುಗುತ್ತವೆ. ಬೇರೆ ಬೇರೆ ದೇಶಗಳ ಮರಗಳನ್ನು ಅಳೆದು ನೋಡಿದಾಗ, ಸರಾಸರಿ ಅರ್ಧ ಅಥವಾ ಅದಕ್ಕಿಂತ ಸ್ವಲ್ಪ ಜಾಸ್ತಿಯೇ ವಾಪಸ್ ಹೋಗುತ್ತದೆ. ಕ್ಯಾಲ್ಸಿಯಂ ಮಾತ್ರ ಒಮ್ಮೆ ಎಲೆ ಸೇರಿದರೆ ಹಿಂದಿರುಗುವುದಿಲ್ಲ, ಎಲೆಯ ಜೊತೆಗೇ ಬೀಳುತ್ತದೆ. ಸಾರಜನಕ ಕಡಿಮೆಯಾದ ಎಲೆಯನ್ನು ಸೂಕ್ಷ್ಮಜೀವಿಗಳು ಬೇಗ ಕೊಳೆಸಲಾರವು. ನಿಮ್ಮ ಎರಡನೇ ಗುಂಡಿ ತಣ್ಣಗಿದ್ದದ್ದು ಅದಕ್ಕೇ.

ಇನ್ನೊಂದು ಮಾತು. ಹೊಂಗೆ ದ್ವಿದಳ ಧಾನ್ಯಗಳ ಜಾತಿಯದು, ಬೇರಿನ ಗಂಟುಗಳಿಂದ ಸಾರಜನಕ ಸಿಗುತ್ತದೆ. ಇಂಥ ಮರಗಳು ಸಾಮಾನ್ಯವಾಗಿ ಅಷ್ಟು ಬಿಗಿಯಾಗಿ ವಾಪಸ್ ಎಳೆದುಕೊಳ್ಳುವುದಿಲ್ಲ. ಹಾಗಾಗಿ ಉದುರಿದ ಹೊಂಗೆ ಎಲೆಯೂ ದಿಂಡಿಗಕ್ಕಿಂತ ಚೆನ್ನಾಗಿ ಕಳಿಯಬೇಕು. ಮುಂದಿನ ಸಲ ಮೂರನೇ ಗುಂಡಿ ತೋಡಿ, ಉದುರಿದ ಹೊಂಗೆ ಎಲೆಯನ್ನೇ ಹಾಕಿ ನೋಡಿ.

ಬದುವಿನ ಹೊಂಗೆ:
ಅಣ್ಣ, ಹಾಗಾದರೆ ಏಪ್ರಿಲ್ ಬಿಸಿಲಲ್ಲಿ, ಒಂದು ಹನಿ ಮಳೆ ಇಲ್ಲದೆ ನಮ್ಮ ಹೊಂಗೆ ಚಿಗುರುವುದು ಈ ಕೂಡಿಟ್ಟ ಸತ್ವದ ಗಂಟಿನಿಂದಲಾ? ನನ್ನ ಮಾವ ಸಂಕ್ರಾಂತಿಗೆ ಮುಂಚೆ ಎಲ್ಲ ಕೊಂಬೆ ಸವರಿಸುತ್ತಾರೆ. ಕಾಡಿನ ಎಲೆಗೂ ಪ್ರತಿ ವರ್ಷ ಯಾರೋ ಬೆಂಕಿ ಇಡುತ್ತಾರೆ.

ನರ್ಸರಿ ಅಣ್ಣ:
ಬಹುಪಾಲು ಅದರಿಂದಲೇ. ನೀರು ಮಾತ್ರ ಆಳದ ಬೇರಿನದು. ಸಂಕ್ರಾಂತಿಗೆ ಮುಂಚೆ ಸವರಿದರೆ ಮರ ಹಿಂದಕ್ಕೆ ಎಳೆದುಕೊಳ್ಳುವ ಮುಂಚೆಯೇ ಅದರ ಗಂಟು ನಿಮ್ಮ ಗುಂಡಿಗೆ ಬರುತ್ತದೆ. ಗೊಬ್ಬರ ಚೆನ್ನಾಗಿ ಆಗುತ್ತದೆ, ಮರ ಸೊರಗುತ್ತದೆ. ಆರರಲ್ಲಿ ಎರಡನ್ನು ಮಾತ್ರ ಸವರಿಸಿ, ವರ್ಷ ವರ್ಷ ಮರ ಬದಲಿಸಿ.

ಬೆಂಕಿಯ ವಿಷಯಕ್ಕೆ ನನಗೆ ನಿಜವಾಗಿ ಸಂಕಟ ಆಗುತ್ತದೆ. ಎಲೆಯಲ್ಲಿ ಉಳಿದಿದ್ದ ಸಾರಜನಕದ ಹೆಚ್ಚಿನ ಪಾಲು ಹೊಗೆಯಲ್ಲಿ ಹೋಗುತ್ತದೆ. ಉಳಿದ ಬೂದಿಯನ್ನು ಗಾಳಿಯೋ ಮೊದಲ ಮಳೆಯೋ ಗುಡ್ಡದಿಂದ ಕೆಳಗೆ ಒಯ್ಯುತ್ತದೆ. ಸುಡದೆ ಬಿಟ್ಟ ಎಲೆ ಮುಂಗಾರಿನ ತೇವ ಬಿದ್ದ ತಕ್ಷಣ ಮೆತ್ತಗಾಗುತ್ತದೆ, ಸಣ್ಣ ಬೇರುಗಳು ಅದರೊಳಕ್ಕೇ ಹಬ್ಬುತ್ತವೆ. ಜೂನ್‌ನಲ್ಲಿ ಒಂದು ದಿಂಡಿಗದ ಬುಡದ ಎಲೆ ಸರಿಸಿ ನೋಡಿ ತಂಗಿ, ಬೆಳ್ಳಗಿನ ಬೇರು ಕೈಗೆ ಸಿಗುತ್ತದೆ.

ಬದುವಿನ ಹೊಂಗೆ:
ಮಾವನಿಗೆ ಓದಿ ಹೇಳಿದೆ. ಈ ಸಲ ಎರಡೇ ಮರ ಅಂದಿದ್ದಾರೆ. ಮೂರನೇ ಗುಂಡಿಯ ಫೋಟೋ ಫೆಬ್ರವರಿಯಲ್ಲಿ ಹಾಕುತ್ತೇನೆ.